ಹೇಳದೆ ಬಿಟ್ಟ ಮಾತು

ಸುಳ್ಳು ಹೇಳಬಾರದು ಎಂದು ಮಕ್ಕಳಿಗೆ ಒಂದನೆಯ ತರಗತಿಯಿಂದಲೇ ಹೇಳಿಕೊಡುತ್ತೇವೆ. ಆದರೆ ಹೇಳಬೇಕಾದ ಮಾತನ್ನು ಹೇಳದೆ ಬಿಡುವುದು ಸುಳ್ಳೋ ಅಲ್ಲವೋ ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ದೊಡ್ಡವರಾದ ನಮಗೇ ಅದು ಸರಿಯಾಗಿ ಗೊತ್ತಿಲ್ಲವೋ ಏನೋ. ಕುರುಕ್ಷೇತ್ರದಲ್ಲಿ ಧರ್ಮರಾಯ ಅಶ್ವತ್ಥಾಮ ಸತ್ತನೆಂದು ಗಟ್ಟಿಯಾಗಿ ಹೇಳಿ, ಸತ್ತದ್ದು ಆನೆ ಎಂಬುದನ್ನು ತಗ್ಗಿದ ದನಿಯಲ್ಲಿ ಹೇಳಿದ. ಅಷ್ಟಕ್ಕೇ, ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ನೆಲಕ್ಕಿಳಿಯಿತಂತೆ. ಆಡಿದ ಒಂದೊಂದು ಮಾತೂ ನಿಜ. ಆದರೂ ರಥ ಇಳಿಯಿತು. ಈ ಕಥೆಯನ್ನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಅದರ ಅರ್ಥ ಇನ್ನೊಂದು ಬಗೆಯಲ್ಲಿ ಹೊಳೆದದ್ದು ಮಾತ್ರ ನಮ್ಮೂರಿಂದ ಬಹಳ ದೂರದ ಒಂದು ಪಟ್ಟಣದ ಬೀದಿಗಳಲ್ಲಿ.

ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಕಡಲತೀರದಲ್ಲಿ ಚಾರ್ಲ್ಸ್‌ಟನ್ ಎಂಬ ಹಳೆಯ ಊರಿದೆ. 1670ರಲ್ಲಿ ಬಂದು ನೆಲೆಯೂರಿದ ಇಂಗ್ಲಿಷರು, ಹತ್ತು ವರ್ಷದ ನಂತರ ಎರಡು ನದಿಗಳ ನಡುವಿನ ಈಗಿನ ಜಾಗಕ್ಕೆ ಊರನ್ನು ಸಾಗಿಸಿದರು. ತಮ್ಮ ದೊರೆ ಎರಡನೆಯ ಚಾರ್ಲ್ಸನ ಹೆಸರಿಟ್ಟು ಚಾರ್ಲ್ಸ್ ಟೌನ್ ಎಂದು ಕರೆದರು. ಅಮೆರಿಕ ಸ್ವತಂತ್ರವಾದ ಮೇಲೆ, 1783ರಲ್ಲಿ, ಅದು ಚಾರ್ಲ್ಸ್‌ಟನ್ ಆಯಿತು. ನನ್ನ ಮಗಳ ಸಂಸಾರ ಇರುವುದು ಅಲ್ಲಿಂದ ಮೂರೂವರೆ ಗಂಟೆ ಕಾರಿನ ದಾರಿಯ ಶಾರ್ಲೆಟ್ ನಗರದಲ್ಲಿ. ಬೇಸಿಗೆ ರಜೆಯಲ್ಲಿ ಅವಳ ಮನೆಗೆ ಹೋಗಿದ್ದಾಗ ಎರಡು ದಿನ ಈ ಊರು ನೋಡಿ ಬಂದೆವು.

ನೋಡಿದ ರೀತಿಯೇ ನನಗೆ ಹೊಸದು. ಮಗಳು ತನ್ನ ಮೊಬೈಲಿನಲ್ಲಿ ಒಂದು ಧ್ವನಿಪ್ರವಾಸವನ್ನು ಇಳಿಸಿಕೊಂಡು, ಇಯರ್‌ಫೋನನ್ನು ನನ್ನ ಕಿವಿಗೆ ಸಿಕ್ಕಿಸಿದಳು. ಒಂದು ಬೀದಿಯ ಮೂಲೆಗೆ ಬಂದರೆ ಸಾಕು, ನಾವು ಬಂದದ್ದು ಅದಕ್ಕೆ ತಿಳಿದು ದನಿ ತಾನಾಗಿ ಮಾತಾಡತೊಡಗುತ್ತದೆ. ಎಡಕ್ಕೆ ತಿರುಗಿ, ಮೇಲಿನ ಕಿಟಕಿ ನೋಡಿ, ಹತ್ತು ಹೆಜ್ಜೆ ಮುಂದೆ ಬನ್ನಿ ಎನ್ನುತ್ತದೆ. ಬೇಲೂರು, ಹಳೇಬೀಡುಗಳಲ್ಲಿ ನಾವು ಕಂಡ ಗೈಡುಗಳ ಹಾಗೆ ಅದಕ್ಕೆ ಅವಸರವಿಲ್ಲ. ಮುಂದಿನ ಗುಂಪು ಕಾಯುತ್ತಿದೆ ಎಂದು ನಮ್ಮನ್ನು ದೂಡುವುದಿಲ್ಲ. ಕಾಲು ನೋವಾದರೆ ದನಿಯನ್ನು ನಿಲ್ಲಿಸಿ ಕಟ್ಟೆಯ ಮೇಲೆ ಕೂರಬಹುದು. ನನ್ನ ವಯಸ್ಸಿನವರಿಗೆ ಇದು ದೊಡ್ಡ ಅನುಕೂಲ. ಒಂದೇ ಕೊರತೆ ಎಂದರೆ ಅದಕ್ಕೆ ಪ್ರಶ್ನೆ ಕೇಳುವಂತಿಲ್ಲ. ಅದು ಹೇಳುತ್ತದೆ, ನಾವು ಕೇಳುತ್ತೇವೆ.

ಮೊದಲ ದಿನದ ಆ ದನಿ ಯಾರದೆಂಬ ಹೆಸರು ಇಲ್ಲಿ ಬೇಡ. ಇಂಪಾಗಿ, ತಿಳಿದು ಮಾತಾಡುವ ದನಿ. ಈಸ್ಟ್ ಬೇ ಬೀದಿಯಲ್ಲಿ ತಿಳಿಗುಲಾಬಿ, ಹಳದಿ, ಹಸಿರು, ನೀಲಿ ಬಣ್ಣಗಳ 13 ಮನೆಗಳು ಒಂದಕ್ಕೊಂದು ಒತ್ತಿ ನಿಂತಿವೆ. ಕಾಮನಬಿಲ್ಲಿನ ಸಾಲು ಎಂದೇ ಅದರ ಹೆಸರು. ಆ ಊರಿಗೇ ವಿಶೇಷವಾದ ಇನ್ನೊಂದು ಬಗೆಯ ಮನೆಯಿದೆ. ಬೀದಿಗೆ ಒಂದೇ ಕೋಣೆಯ ಅಗಲ ಕಾಣುವಂತೆ, ಉದ್ದಕ್ಕೆ ಹಿಂದೆ ಹಿಂದೆ ಸಾಗುವ ಮನೆ. ಪಕ್ಕದಲ್ಲಿ ಉದ್ದನೆಯ ಜಗಲಿ. ಬೀದಿಯ ಬಾಗಿಲು ತೆರೆದರೆ ಮನೆಯೊಳಗಲ್ಲ, ಜಗಲಿಗೆ ಹೋಗುತ್ತೇವೆ. ಕಡಲ ಗಾಳಿ ಮನೆಯೊಳಗೆ ಆಡಲೆಂದು ಮಾಡಿದ ಏರ್ಪಾಡು. ಇಂಥ ಹಳೆಯ ಕಟ್ಟಡಗಳನ್ನು ಉಳಿಸಲು 1931ರಲ್ಲೇ ಆ ಊರಿನವರು ನಿಯಮ ಮಾಡಿದರು, ಅಮೆರಿಕದಲ್ಲಿ ಅಂಥದ್ದು ಅದೇ ಮೊದಲು. ಇದೆಲ್ಲ ಕೇಳುತ್ತ, ನಮ್ಮಲ್ಲಿ ಹಳೆಯ ತೊಟ್ಟಿಮನೆಗಳನ್ನು ಕೆಡವಿ ಕಾಂಪ್ಲೆಕ್ಸ್ ಕಟ್ಟುವುದನ್ನು ನೆನೆದು ನಿಟ್ಟುಸಿರು ಬಿಟ್ಟೆ.

ಆದರೆ ನಡೆಯುತ್ತ ನಡೆಯುತ್ತ ನನ್ನೊಳಗಿನ ವ್ಯಾಕರಣದ ಮೇಷ್ಟ್ರಮ್ಮ ಎಚ್ಚರಗೊಂಡಳು. ಈ ಮನೆ ಕಟ್ಟಲಾಯಿತು. ಭತ್ತ ಬೆಳೆಯಲಾಯಿತು. ಸಂಪತ್ತು ಗಳಿಸಲಾಯಿತು. ಕರ್ಮಣಿ ಪ್ರಯೋಗದಲ್ಲಿ ಕರ್ತೃವನ್ನು ಹೇಳದಿದ್ದರೂ ವಾಕ್ಯ ನಿಲ್ಲುತ್ತದೆ ಎಂದು ನಾನೇ ಮಕ್ಕಳಿಗೆ ಕಲಿಸಿದ್ದೇನೆ. ಅಲ್ಲಿ ವಾಕ್ಯಗಳು ಮಾತ್ರವಲ್ಲ, ಮೂರು ಅಂತಸ್ತಿನ ಮನೆಗಳೂ ಕರ್ತೃವಿಲ್ಲದೆ ನಿಂತಿದ್ದವು! ಎರಡು ಕಡೆ ಆ ದನಿ ಸೇವಕರು ಎಂದಿತು. ಅಷ್ಟೇ.

ಆ ಸೇವಕರು ಸಂಬಳಕ್ಕೆ ಬಂದವರಲ್ಲ. ಆಫ್ರಿಕದಿಂದ ಹಡಗಿನಲ್ಲಿ ಕಟ್ಟಿ ತಂದು ಮಾರಿದ ಗುಲಾಮರು, ಅವರ ಮಕ್ಕಳು, ಮೊಮ್ಮಕ್ಕಳು. ಈಗಿನ ಅಮೆರಿಕ ಸಂಯುಕ್ತ ಸಂಸ್ಥಾನದ ನೆಲಕ್ಕೆ ಹೀಗೆ ತಂದವರಲ್ಲಿ ನೂರಕ್ಕೆ ಸುಮಾರು 40 ಮಂದಿ ಈ ಊರಿನ ಬಂದರಿನ ಮೂಲಕವೇ ಬಂದರೆಂದು ಇತಿಹಾಸಕಾರರ ಅಂದಾಜು. ಆ ಸೀಮೆ ಶ್ರೀಮಂತವಾದದ್ದು ಭತ್ತದಿಂದ, ಆಮೇಲೆ ನೀಲಿಯಿಂದ. ಅವರಲ್ಲಿ ಎಷ್ಟೋ ಜನ ಪಶ್ಚಿಮ ಆಫ್ರಿಕದ ಭತ್ತದ ನಾಡಿನವರು. ಆ ಕೆಲಸ ಬಲ್ಲವರು. ಜೌಗು ನೆಲದ ಕಾಡು ಕಡಿದು, ಮೈಲಿಗಟ್ಟಲೆ ಒಡ್ಡು ಹಾಕಿ, ನದಿಯ ಭರತ ಇಳಿತ ನೋಡಿ ಗದ್ದೆಗೆ ನೀರು ಬಿಟ್ಟವರು ಅವರು. ಭತ್ತವನ್ನು ಮರದ ಒರಳಿನಲ್ಲಿ ಹಾಕಿ ಒನಕೆಯಿಂದ ಕುಟ್ಟಿದರು. ಹುಲ್ಲಿನಿಂದ ಹೆಣೆದ ಅಗಲವಾದ ಮೊರದಲ್ಲಿ ಕೇರಿದರು. ಆ ಹೆಣಿಗೆಯ ಬುಟ್ಟಿಗಳನ್ನು ಅವರ ವಂಶದ ಹೆಂಗಸರು ಇಂದಿಗೂ ಅಲ್ಲಿನ ಮಾರುಕಟ್ಟೆಯ ಹತ್ತಿರ ಕುಳಿತು ಹೆಣೆದು ಮಾರುತ್ತಾರೆ. ಒಂದನ್ನು ಕೈಗೆತ್ತಿಕೊಂಡಾಗ ಅದು ನನಗೆ ಪರದೇಶದ ವಸ್ತು ಅನ್ನಿಸಲಿಲ್ಲ. ಕುಟ್ಟಿ, ಕೇರಿ, ಬೇಯಿಸಿ ಬಡಿಸಿದವರ ಬೆನ್ನು ಎಷ್ಟು ನೋಯುತ್ತದೆಂದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಹಾಗೆಂದು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ನಮ್ಮ ಅಜ್ಜಿಯ ಮಕ್ಕಳನ್ನು ಯಾರೂ ಅವಳ ಕಣ್ಣೆದುರು ಹರಾಜು ಕೂಗಲಿಲ್ಲ.

ಹರಾಜು ಅಲ್ಲಿ ಬಯಲಿನಲ್ಲೇ ನಡೆಯುತ್ತಿತ್ತು. 1856ರಲ್ಲಿ ಬೀದಿಯ ಹರಾಜನ್ನು ನಿಷೇಧಿಸಿದರು. ಹರಾಜು ನಿಲ್ಲಲಿಲ್ಲ, ಒಳಗೆ ಹೋಯಿತು. ದುಂಡುಕಲ್ಲು ಹಾಸಿದ ಚಾಮರ್ಸ್ ಬೀದಿಯಲ್ಲಿ 1859ರಲ್ಲಿ ಶುರುವಾದ ಅಂಥ ಮಾರಾಟದ ಕಟ್ಟಡ ಇನ್ನೂ ಇದೆ, ಈಗ ಅದೇ ಒಂದು ವಸ್ತುಸಂಗ್ರಹಾಲಯ. ನನ್ನ ಕಿವಿಯ ದನಿ ಆ ಬೀದಿಯ ಕಲ್ಲುಗಳ ಚೆಂದ ಹೇಳಿತು, ಎತ್ತರದ ಹಿಮ್ಮಡಿಯ ಚಪ್ಪಲಿಯವರು ಜೋಪಾನವೆಂದಿತು, ಮುಂದಿನ ಚರ್ಚಿಗೆ ಕರೆದುಕೊಂಡು ಹೋಯಿತು. ಕಟ್ಟಡದ ಫಲಕ ಓದಲು ನಾನು ದನಿಯನ್ನು ನಿಲ್ಲಿಸಬೇಕಾಯಿತು.

ಮರುದಿನ ಎಲಿಜಬೆತ್ ಬೀದಿಯ ಐಕನ್-ರೆಟ್ ಮನೆಗೆ ಹೋದೆವು. 1820ರಲ್ಲಿ ಕಟ್ಟಿದ ದೊಡ್ಡ ಮನೆ. ಆ ರಾಜ್ಯದ ಗವರ್ನರ್ ಆಗಿದ್ದ, ನೂರಾರು ಗುಲಾಮರ ದುಡಿಮೆಯಲ್ಲಿ ಭತ್ತ ಬೆಳೆಸಿದ ವಿಲಿಯಂ ಐಕನ್ ಅಲ್ಲಿದ್ದ. ಸುಣ್ಣಬಣ್ಣ ಬಳಿದು ಹೊಸತು ಮಾಡದೆ, ಗೋಡೆಯ ಕಾಗದ ಹರಿದದ್ದನ್ನೂ ಹಾಗೆಯೇ ಇಟ್ಟಿದ್ದಾರೆ. ಅಲ್ಲಿಯೂ ಗೈಡಿಲ್ಲ, ಕಿವಿಯಲ್ಲಿ ದನಿಯೇ. ಆದರೆ ಈ ದನಿ ನಮ್ಮನ್ನು ದಿವಾನಖಾನೆಯಲ್ಲೇ ಸುತ್ತಿಸಲಿಲ್ಲ, ಹಿತ್ತಿಲಿಗೂ ಕರೆದೊಯ್ಯಿತು. ಅಲ್ಲಿ ಅಡುಗೆಮನೆ, ಬಟ್ಟೆ ಒಗೆಯುವ ಮನೆ, ಅವುಗಳ ಮೇಲೆ ಗುಲಾಮರು ಮಲಗುತ್ತಿದ್ದ ಕೋಣೆಗಳು. ಬೇಸಿಗೆಯಲ್ಲಿ ಕೆಳಗಿನ ಒಲೆಯ ಕಾವೆಲ್ಲ ಎಲ್ಲಿಗೆ ಏರುತ್ತಿತ್ತೆಂದು ಅಡುಗೆ ಮಾಡುವ ಯಾವ ಹೆಂಗಸಿಗೂ ಬಿಡಿಸಿ ಹೇಳಬೇಕಿಲ್ಲ. ಆನ್ ಗ್ರೆಗ್ಸ್ ಮತ್ತು ಅವಳ ಮಗ ಹೆನ್ರಿ, ಡಾರ್ಕಸ್ ಮತ್ತು ಸ್ಯಾಂಬೊ ರಿಚರ್ಡ್‌ಸನ್ ಎಂಬ ಗಂಡಹೆಂಡತಿ, ಅವರ ಮಕ್ಕಳು. ಹೀಗೆ ಆ ಮನೆಯಲ್ಲಿ ದುಡಿದ ಕೆಲವರ ಹೆಸರಾದರೂ ಉಳಿದಿವೆ. ವಾಕ್ಯಕ್ಕೆ ಕರ್ತೃ ಸಿಕ್ಕಿತು ಎಂದುಕೊಂಡೆ.

ಈಗ ಪ್ರಶ್ನೆ ಇದು. ಮೊದಲ ದಿನದ ದನಿ ಒಂದೂ ಸುಳ್ಳು ಹೇಳಲಿಲ್ಲ. ಇಸವಿ ಸರಿ, ಬಣ್ಣ ಸರಿ, ದಾರಿಯೂ ಸರಿ. ಹಾಗಾದರೆ ಅದರ ತಪ್ಪೇನು? ಹೇಳುವವರು ಎಲ್ಲವನ್ನೂ ಹೇಳಲಾರರು. 45 ನಿಮಿಷದ ಪೀರಿಯಡಿನಲ್ಲಿ ನಾನೂ ನೂರು ಮಾತು ಬಿಟ್ಟು ಹತ್ತು ಮಾತು ಹೇಳುತ್ತೇನೆ. ಬಿಡುವುದೇ ಪಾಪವಾದರೆ ಮೇಷ್ಟ್ರುಗಳಿಗೆಲ್ಲ ನರಕವೇ ಗತಿ. ಆದ್ದರಿಂದ ಬಿಟ್ಟರೋ ಇಲ್ಲವೋ ಎಂದು ನೋಡುವುದರಿಂದ ತೀರ್ಮಾನವಾಗುವುದಿಲ್ಲ. ಬೇರೆ ಒಂದು ಒರೆಗಲ್ಲು ಬೇಕು. ಬಹಳ ಯೋಚಿಸಿದ ಮೇಲೆ ನನಗೆ ತೋಚಿದ್ದು ಇಷ್ಟು: ನಾವು ಯಾರನ್ನು ಬಿಟ್ಟೆವೋ ಅವರು ಪಕ್ಕದಲ್ಲೇ ನಿಂತು ಕೇಳುತ್ತಿದ್ದರೆ, ಅದೇ ಮಾತನ್ನು ಅದೇ ದನಿಯಲ್ಲಿ ಹೇಳಬಲ್ಲೆವೆ? ಬಾಗಿಲಿನ ಚಿಲಕದ ವಿವರ ಬಿಟ್ಟರೆ ಯಾರ ಮುಂದೆಯೂ ನಾಚಬೇಕಿಲ್ಲ. ಆದರೆ ಡಾರ್ಕಸ್ ಪಕ್ಕದಲ್ಲಿ ನಿಂತಿರುವಾಗ, ಭತ್ತ ಬೆಳೆಯಲಾಯಿತು ಎಂದು ಹೇಳಿ ಮುಂದೆ ನಡೆಯಲು ಯಾರಿಗೆ ಬಾಯಿ ಬಂದೀತು? ಬಾಯಿ ಬರುವುದಿಲ್ಲ ಎಂದಾದರೆ, ಅದು ಸಮಯವಿಲ್ಲದೆ ಬಿಟ್ಟ ಮಾತಲ್ಲ, ಮುಚ್ಚಿಟ್ಟ ಮಾತು. ಧರ್ಮರಾಯನೂ ಅಷ್ಟೇ, ದ್ರೋಣರಿಗೆ ಕೇಳಬಾರದೆಂದೇ ದನಿ ತಗ್ಗಿಸಿದ್ದು.

ಊರಿಗೆ ಬಂದು ಇದನ್ನು ಹೇಳಿದಾಗ ನಮ್ಮ ಅತ್ತಿಗೆ, “ಅಲ್ಲ ಕಣೇ, ಅಷ್ಟು ದುಡ್ಡು ಖರ್ಚು ಮಾಡಿ ಹೋಗಿದ್ದೀಯ, ಚೆಂದವಾದದ್ದನ್ನು ನೋಡಿ ಬರೋದು ಬಿಟ್ಟು ಸತ್ತುಹೋದವರ ಗೋಳು ಯಾಕೆ ಕೆದಕ್ತೀಯ?” ಎಂದರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ರಜೆಯಲ್ಲಿ ಮನಸ್ಸು ಹಗುರವಾಗಲಿ ಎಂದೇ ಜನ ಹೋಗುವುದು. ಆದರೆ ಅದು ಸತ್ತ ಗೋಳಲ್ಲ. 2015ರ ಜೂನ್‌ನಲ್ಲಿ ಅದೇ ಊರಿನ ಕಪ್ಪುಜನರ ಹಳೆಯ ಚರ್ಚಿನಲ್ಲಿ ಬೈಬಲ್ ಓದುತ್ತ ಕುಳಿತಿದ್ದ ಒಂಬತ್ತು ಜನರನ್ನು ಜನಾಂಗದ್ವೇಷ ತುಂಬಿದ ಒಬ್ಬ ಯುವಕ ಗುಂಡಿಟ್ಟು ಕೊಂದ. ಮುಚ್ಚಿಟ್ಟದ್ದು ಹಾಗೆಯೇ ಕೊಳೆಯುತ್ತದೆ. 2018ರಲ್ಲಿ ಆ ನಗರಸಭೆ ಗುಲಾಮಗಿರಿಯಲ್ಲಿ ತನ್ನ ಪಾಲಿಗಾಗಿ ಕ್ಷಮೆ ಕೇಳಿತು. ಹಡಗುಗಳು ಗುಲಾಮರನ್ನು ಇಳಿಸುತ್ತಿದ್ದ ಗ್ಯಾಡ್ಸ್‌ಡೆನ್ ಕಟ್ಟೆಯಿದ್ದ ಜಾಗದಲ್ಲೇ 2023ರಲ್ಲಿ ಆಫ್ರಿಕನ್ ಅಮೆರಿಕನ್ನರ ವಸ್ತುಸಂಗ್ರಹಾಲಯ ತೆರೆಯಿತು. ಕಟ್ಟಡವನ್ನು ಕಂಬಗಳ ಮೇಲೆ ಎತ್ತಿ ನಿಲ್ಲಿಸಿ, ಆ ನೆಲವನ್ನು ಹಾಗೆಯೇ ಬಿಟ್ಟಿದ್ದಾರೆ.

ಇನ್ನು ಚೆಂದದ ಮಾತು. ಆ ಮನೆಗಳು ನಿಜವಾಗಿ ಚೆಂದ. ಸತ್ಯ ತಿಳಿದ ಮೇಲೆ ಅವು ಕುರೂಪವಾಗಲಿಲ್ಲ. ಅಲ್ಲಿನ ಹಳೆಯ ಗೋಡೆಗಳ ಕೆಲವು ಇಟ್ಟಿಗೆಗಳಲ್ಲಿ ಬೆರಳಿನ ಗುರುತುಗಳಿವೆ. ಹಸಿ ಇಟ್ಟಿಗೆಯನ್ನು ಎತ್ತಿಟ್ಟ ಗುಲಾಮರ, ಅವರ ಮಕ್ಕಳ ಬೆರಳು ಅವು. ಅದನ್ನು ನೋಡಿದ ಮೇಲೆ ಗೋಡೆ ಇನ್ನಷ್ಟು ಹತ್ತಿರವಾಯಿತೇ ಹೊರತು ದೂರವಾಗಲಿಲ್ಲ. ಚೆಂದವನ್ನು ಮೆಚ್ಚುವುದು ತಪ್ಪಲ್ಲ. ಯಜಮಾನನನ್ನು ಹೊಗಳಿ ಸುಮ್ಮನಾಗುವುದು ಅರ್ಧ ಮೆಚ್ಚುಗೆ.

ಪರದೇಶದವರ ಲೆಕ್ಕ ಕೇಳುವುದು ಸುಲಭ. ನಮ್ಮ ಹಳೆಯ ಮನೆಗಳ ಕಥೆ ಹೇಳುವಾಗ ನಾವು ಹೇಗೆ ಹೇಳುತ್ತೇವೆ? ತಾತ ಕಟ್ಟಿಸಿದ್ದು, ಹಲಸಿನ ಕಂಬ, ಹದಿನಾರು ಅಂಕಣ, ಪಣತದಲ್ಲಿ ನೂರಾರು ಪಲ್ಲ ಭತ್ತ ಎನ್ನುತ್ತೇವೆ. ಆ ಭತ್ತ ಹೊತ್ತವರು ಯಾವ ಬಾಗಿಲಿನಿಂದ ಬರುತ್ತಿದ್ದರು, ಅವರ ಬೊಗಸೆಗೆ ನೀರು ಎಷ್ಟು ಎತ್ತರದಿಂದ ಬೀಳುತ್ತಿತ್ತು ಎಂಬುದು ಆ ಕಥೆಯಲ್ಲಿ ಬರುವುದಿಲ್ಲ. ಜೀತಪದ್ಧತಿಯನ್ನು ರದ್ದು ಮಾಡುವ ಕಾನೂನು ನಮ್ಮ ದೇಶದಲ್ಲಿ ಬಂದದ್ದು 1976ರಲ್ಲಿ, ನನ್ನಂಥವರು ಹುಟ್ಟಿದ ಕಾಲದ ಆಸುಪಾಸಿನಲ್ಲಿ. ಜೀತಕ್ಕಿದ್ದವರ ಮೊಮ್ಮಕ್ಕಳು ಇಂದು ನನ್ನ ತರಗತಿಯಲ್ಲೇ ಇರಬಹುದು. ಅವರು ಮುಂದಿನ ಬೆಂಚಿನಲ್ಲಿ ಕುಳಿತು ಕೇಳುತ್ತಿರುವಾಗ ನಮ್ಮ ಮನೆತನದ ವೈಭವವನ್ನು ಅದೇ ದನಿಯಲ್ಲಿ ಹೇಳಬಲ್ಲೆವೆ? ಅಷ್ಟೇಕೆ, ವಂಶವೃಕ್ಷ ಬರೆಯುವಾಗ ತಂದೆ, ತಾತ, ಮುತ್ತಾತ ಎಂದು ಗಂಡಸರ ಹೆಸರೇ ಬರುತ್ತದೆ. ಮುತ್ತಜ್ಜಿಯ ಹೆಸರು ಎಷ್ಟು ಮನೆಗಳಲ್ಲಿ ಗೊತ್ತಿದೆ? ತನ್ನನ್ನು ಬಿಟ್ಟು ಹೇಳಿದ ಕಥೆಯನ್ನು ಕೇಳುವ ಸಂಕಟ ಹೆಂಗಸಿಗೆ ಹೊಸದಲ್ಲ. ಆ ಸಂಕಟ ಬಲ್ಲವಳು ಇನ್ನೊಬ್ಬರನ್ನು ಬಿಟ್ಟು ಕಥೆ ಹೇಳಬಾರದು ಎಂದು ನನಗನ್ನಿಸುತ್ತದೆ.

ಹೇಳುವವರ ಮೇಲೆಯೇ ಎಲ್ಲ ಹೊರೆ ಹಾಕುವುದೂ ಸರಿಯಲ್ಲ. ಕೇಳುವವರಿಗೂ ಒಂದು ಕೆಲಸವಿದೆ. ಕಿವಿಯಲ್ಲಿ ಯಾವ ದನಿಯಿದ್ದರೂ ನಡೆಯುವ ಕಾಲು ನಮ್ಮದೇ. ದನಿ ಮುಂದೆ ಹೋಗೋಣವೆಂದಾಗ, ಸ್ವಲ್ಪ ತಾಳು, ಇದನ್ನು ಮಾಡಿದವರು ಯಾರು ಎಂದು ನಿಂತು ನೋಡಬಹುದು. ಹಬ್ಬದಲ್ಲಿ ನೆಂಟರೆಲ್ಲ ಸೇರಿ ಹಳೆಯ ಮನೆಯ ಮಾತು ಬಂದಾಗ, “ಅದಿರಲಿ, ಆಗ ಗದ್ದೆ ನಾಟಿಗೆ ಬರುತ್ತಿದ್ದವರ ಹೆಸರೇನು ಅತ್ತೆ?” ಎಂದು ಒಮ್ಮೆ ಕೇಳಿ ನೋಡಿ. ಮೊದಲು ಯಾರೂ ಮಾತಾಡಲಿಕ್ಕಿಲ್ಲ. ಆಮೇಲೆ ಯಾರಾದರೂ ವಯಸ್ಸಾದವರಿಗೆ ಒಂದೆರಡು ಹೆಸರು ನೆನಪಾಗುತ್ತದೆ. ಅವರು ಇರುವಾಗಲೇ ಅದನ್ನು ಬರೆದಿಟ್ಟುಕೊಳ್ಳಬೇಕು.