ಮುಚ್ಚಿಹೋದ ಬಾವಿಗಳು
(ಆದಿಕಾಂಡ 26ನೆಯ ಅಧ್ಯಾಯ, 15ರಿಂದ 22ರ ವರೆಗೆ)



ಅಬ್ರಹಾಮನು ತೋಡಿಸಿದ ಬಾವಿಗಳನ್ನು ಫಿಲಿಷ್ಟಿಯರು ಮಣ್ಣು ಹಾಕಿ ಮುಚ್ಚಿದರೆಂದೂ ಇಸಾಕನು ಅವುಗಳನ್ನು ತಿರಿಗಿ ಅಗಿಸಿದನೆಂದೂ ಓದುತ್ತೇವೆ. ತೋಡುವದು ಒಂದು ಕೆಲಸ, ತೋಡಿದ್ದನ್ನು ಕಾಪಾಡುವದು ಇನ್ನೊಂದು ಕೆಲಸ. ಎರಡನೆಯದು ಈಗ ನಮ್ಮ ಪಾಲಿಗೆ ಬಂದಿರುವದು.

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚಾಗಿರುವದು. ಅದು ಲೀಟರಿಗೆ 1.5 ಮಿಲಿಗ್ರಾಮು ಮೀರಿದ ನೀರು ಕುಡಿಯತಕ್ಕದ್ದಲ್ಲ. ಬಹುಕಾಲ ಕುಡಿದರೆ ಮಕ್ಕಳ ಹಲ್ಲುಗಳಲ್ಲಿ ಕಲೆ ಬೀಳುವದು. ಫ್ಲೋರೈಡು ಬಹಳವಾಗಿದ್ದಲ್ಲಿ ದೊಡ್ಡವರ ಕೀಲುಗಳು ಬಿಗಿದು ಎಲುಬುಗಳು ಸೊಟ್ಟಾಗುವವು. ಕಾಸಿದರೆ ಈ ದೋಷ ಹೋಗುವದೆಂದು ನೆನಸಬೇಡಿರಿ. ಕಾಸುವದರಿಂದ ವಾಂತಿಭೇದಿಯ ಕ್ರಿಮಿಗಳು ಸಾಯುವವು; ಫ್ಲೋರೈಡಾದರೋ ಹಾಗೆಯೇ ಉಳಿಯುವದು. ಗಂಗಾವತಿಯ ಕಡೆ ತುಂಗಭದ್ರೆಯ ಕಾಲುವೆಯುಂಟು. ಆದರೂ ದನಗಳು ಇಳಿಯುವ ಬಯಲು ನೀರನ್ನು ಕಾಸದೆ ಕುಡಿಯಬಾರದು.

ಸರಕಾರವು 2014ರಲ್ಲಿ ಸ್ವಚ್ಛ ಭಾರತವನ್ನೂ 2019ರಲ್ಲಿ ಮನೆಮನೆಗೆ ನಳ ಕೊಡುವ ಜಲಜೀವನವನ್ನೂ ಆರಂಭಿಸಿತು. ಊರುಗಳಲ್ಲಿ ಶುದ್ಧ ನೀರಿನ ಘಟಕಗಳೂ ಎದ್ದವು. ಆದರೆ ಘಟಕದ ಸೋಸುವ ಪೊರೆಯನ್ನು ಸಮಯಕ್ಕೆ ಬದಲಿಸದೆ ಬಿಟ್ಟರೆ, ಪಾಯಖಾನೆಯಲ್ಲಿ ಕುಳ್ಳು ಒಟ್ಟಿ ಬಯಲಿಗೆ ಹೋದರೆ, ಬಾವಿ ಮುಚ್ಚಲು ಫಿಲಿಷ್ಟಿಯರು ಬೇಕೇ? ನಮ್ಮ ಅಲಕ್ಷ್ಯವೇ ಸಾಕು.

ಕೊಪ್ಪಳ ಜಿಲ್ಲೆಯ ಒಬ್ಬ ಹುಡುಗಿಯು ಪಾಯಖಾನೆ ಬೇಕೆಂದು ಮನೆಯವರ ಮುಂದೆಯೇ ಹಟ ಹಿಡಿದು ಸತ್ಯಾಗ್ರಹ ಮಾಡಿದಳು. ಮನೆಯಲ್ಲಿ ಹಣವಿರಲಿಲ್ಲ. ಊರಿನ ಮುಖ್ಯಸ್ಥರು 18,000 ರೂಪಾಯಿ ಒದಗಿಸಿ ಒಂದು ವಾರದೊಳಗೆ ಕಟ್ಟಿಸಿದರು. 2016ರಲ್ಲಿ ಪ್ರಧಾನಮಂತ್ರಿಗಳು ಇದನ್ನು ಆಕಾಶವಾಣಿಯಲ್ಲಿ ದೇಶಕ್ಕೆ ತಿಳಿಸಿದರು. ಒಬ್ಬಳು ಕೇಳಿದಳು, ಒಬ್ಬರು ಕೊಟ್ಟರು, ಕೆಲಸವಾಯಿತು.

ಗೆರಾರಿನ ಕುರುಬರು ನೀರು ತಮ್ಮದೆಂದು ಜಗಳವಾಡಿದರು. ಇಸಾಕನು ಜಗಳದ ಎರಡು ಬಾವಿಗಳನ್ನು ಬಿಟ್ಟು ಮೂರನೆಯದನ್ನು ತೋಡಿಸಿ, ಸ್ಥಳವಾಯಿತೆಂದು ಅದಕ್ಕೆ ರೆಹೋಬೋತ್ ಎಂದು ಹೆಸರಿಟ್ಟನು. ಕುಲದ ನಿಮಿತ್ತ ಬಾವಿಕಟ್ಟೆಯಿಂದ ದೂರ ನಿಲ್ಲಿಸಲ್ಪಟ್ಟವರ ಮಕ್ಕಳೂ ಮೊಮ್ಮಕ್ಕಳೂ ನಮ್ಮಲ್ಲಿ ಅನೇಕರಿದ್ದಾರೆ. ಆ ನೋವನ್ನು ಬಲ್ಲ ನಾವು ನಳದ ಬಳಿಯಲ್ಲಿ ಯಾವ ಬಡವನನ್ನೂ ಹಿಂದಕ್ಕೆ ತಳ್ಳದೆ ಇರೋಣ.

ಆದದರಿಂದ ಘಟಕದ ಖರ್ಚಿಗೆ ನಮ್ಮ ಪಾಲನ್ನು ಕೊಡೋಣ. ನೀರಿನ ಪರೀಕ್ಷೆ ಮಾಡಿಸಬೇಕೆಂದು ಪಂಚಾಯತಿಯಲ್ಲಿ ಕೇಳೋಣ. ಕೊಡವನ್ನು ಮುಚ್ಚಿಟ್ಟು, ಕೈ ಅದ್ದದೆ ಉದ್ದ ಹಿಡಿಕೆಯ ಸವಟಿನಿಂದ ನೀರು ತೆಗೆಯೋಣ. ಉಣ್ಣುವ ಮುಂಚೆಯೂ ಬಹಿರ್ದೆಸೆಯ ತರುವಾಯವೂ ಸಾಬೂನಿನಿಂದ ಕೈ ತೊಳೆಯುವದನ್ನು ಮಕ್ಕಳಿಗೆ ಕಲಿಸೋಣ. ಬಾಯಾರಿದವನಿಗೆ ಕೊಟ್ಟ ಒಂದು ತಂಬಿಗೆ ನೀರನ್ನೂ ಮರೆಯದ ಕರ್ತನು ಈ ಸೇವೆಯನ್ನು ಆಶೀರ್ವದಿಸಲಿ. ಆಮೆನ್.