ಗಳಿಕೆ ಎಷ್ಟು ಎಂಬುದಲ್ಲ, ಎಲ್ಲಿಂದ ಎಂಬುದು ಪ್ರಶ್ನೆ

ಪದವಿ ಮುಗಿಸಿದ ನಮ್ಮ ಅನೇಕ ಯುವಕ ಯುವತಿಯರು ಇಂದು ವಿಮೆ, ಹೂಡಿಕೆ, ಹಣಕಾಸು ಸಲಹೆ ಮುಂತಾದ ಕ್ಷೇತ್ರಗಳಲ್ಲಿ ಉದ್ಯೋಗ ಅರಸುತ್ತಿದ್ದಾರೆ. ಮದುವೆಯ ಮಾತುಕತೆಯಲ್ಲಿ ಸಂಬಳ ಎಷ್ಟೆಂದು ಎಲ್ಲರೂ ಕೇಳುತ್ತಾರೆ. ಅದು ಎಲ್ಲಿಂದ ಬರುತ್ತದೆಂದು ಕೇಳುವವರು ವಿರಳ. ಆದರೆ ಸಂಪತ್ತನ್ನು ಹೇಗೆ ಗಳಿಸಿದೆ, ಯಾವುದಕ್ಕೆ ವ್ಯಯಿಸಿದೆ ಎಂಬ ಎರಡೂ ವಿಚಾರಣೆಗಳು ಪರಲೋಕದಲ್ಲಿ ಇವೆಯೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ (ತಿರ್ಮಿದಿ).

ನಾಳೆಗಾಗಿ ಯೋಜನೆ ಹಾಕುವುದು ಅಲ್ಲಾಹನ ಮೇಲಿನ ಭರವಸೆಗೆ ವಿರುದ್ಧವೇ? ಖಂಡಿತ ಅಲ್ಲ. ತನ್ನ ಸಂಪತ್ತನ್ನೆಲ್ಲ ದಾನ ಮಾಡಬಯಸಿದ ಸಅದ್ ಬಿನ್ ಅಬೀವಕ್ಕಾಸ್(ರ)ರನ್ನು ಪ್ರವಾದಿ(ಸ) ಮೂರನೇ ಒಂದಂಶಕ್ಕೆ ತಡೆದು ನಿಲ್ಲಿಸಿದರು. ವಾರಸುದಾರರು ಜನರ ಮುಂದೆ ಕೈಚಾಚುವಂತಾಗಬಾರದೆಂಬುದೇ ಅದರ ಕಾರಣ (ಬುಖಾರಿ, ಮುಸ್ಲಿಮ್). ಪ್ರವಾದಿ ಯೂಸುಫ್(ಅ) ಏಳು ಸಮೃದ್ಧ ವರ್ಷಗಳ ಧಾನ್ಯವನ್ನು ತೆನೆಯಲ್ಲೇ ಕಾಪಿಡಿಸಿ ಮುಂದಿನ ಏಳು ಬರಗಾಲದ ವರ್ಷಗಳಿಗೆ ನಾಡನ್ನು ಸಜ್ಜುಗೊಳಿಸಿದರು. ಖಜಾನೆಯ ಹೊಣೆ ಕೇಳುವಾಗ ಅವರು ಮುಂದಿಟ್ಟ ಅರ್ಹತೆಗಳು ಎರಡೇ: ಕಾಪಾಡುವ ಪ್ರಾಮಾಣಿಕತೆ ಮತ್ತು ಜ್ಞಾನ (12: 55). ಪರರ ಹಣದ ಬಗ್ಗೆ ಸಲಹೆ ನೀಡುವವನಲ್ಲಿ ಇಂದಿಗೂ ಇವೆರಡೂ ಇರಲೇಬೇಕು.

ಪ್ರಾಮಾಣಿಕತೆಯಿದ್ದು ಜ್ಞಾನವಿಲ್ಲದಿದ್ದರೆ ಮೋಸ ಹೋಗುತ್ತೇವೆ. ಜ್ಞಾನವಿದ್ದು ಪ್ರಾಮಾಣಿಕತೆಯಿಲ್ಲದಿದ್ದರೆ ಮೋಸ ಮಾಡುತ್ತೇವೆ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಕುಸಿದಾಗ, ಹಲಾಲ್ ಲಾಭವೆಂದು ನಂಬಿ ಹಣ ತೊಡಗಿಸಿದ್ದ ಸಾವಿರಾರು ಮುಸ್ಲಿಮ್ ಕುಟುಂಬಗಳು ಸಂಕಷ್ಟಕ್ಕೀಡಾದವು. ಹಲಾಲ್ ಎಂಬ ಹಣೆಪಟ್ಟಿಯೊಂದರಿಂದಲೇ ವ್ಯವಹಾರ ಹಲಾಲ್ ಆಗುವುದಿಲ್ಲ.

ಈ ವೃತ್ತಿಗೆ ಕಾಲಿಡುವವನು ಎರಡು ವಿಷಯ ಪರಿಶೀಲಿಸಲಿ. ಮೊದಲನೆಯದು ಬಡ್ಡಿ. ಬಡ್ಡಿ ತಿನ್ನುವವನನ್ನಷ್ಟೇ ಅಲ್ಲ, ಕೊಡುವವನನ್ನೂ ಬರೆಯುವವನನ್ನೂ ಸಾಕ್ಷಿ ನಿಲ್ಲುವವರನ್ನೂ ಪ್ರವಾದಿ(ಸ) ಶಪಿಸಿದ್ದಾರೆ (ಮುಸ್ಲಿಮ್). ‘ನಾನು ಬರೇ ನೌಕರ’ ಎಂಬ ನೆಪಕ್ಕೆ ಇಲ್ಲಿ ಎಡೆಯೆಲ್ಲಿ? ಎರಡನೆಯದು ಅಮಾನತ್. ಹೆಚ್ಚು ಕಮಿಷನ್ ಸಿಗುತ್ತದೆಂಬ ಒಂದೇ ಕಾರಣಕ್ಕೆ ವಿಧವೆಯೊಬ್ಬಳ ಉಳಿತಾಯವನ್ನು ಆಕೆಗೆ ಬೇಡದ ಯೋಜನೆಗೆ ಹಾಕಿಸುವುದು ನಂಬಿಕೆದ್ರೋಹ. ಸಲಹೆ ಕೇಳಲ್ಪಟ್ಟವನು ಅಮಾನತ್ತಿನ ಹೊಣೆಗಾರನೆಂಬುದು ಪ್ರವಾದಿವಚನದ ಬೋಧನೆ. ಸೆಬಿಯ 2013ರ ನಿಯಮಗಳು ಸಹ ನೋಂದಾಯಿತ ಹೂಡಿಕೆ ಸಲಹೆಗಾರನು ಗ್ರಾಹಕನಿಂದ ಶುಲ್ಕ ಪಡೆಯಲಿ, ಆತನಿಗೆ ನೀಡಿದ ಸಲಹೆಯ ಮೇಲೆ ಕಂಪೆನಿಯಿಂದ ಕಮಿಷನ್ ಪಡೆಯದಿರಲಿ ಎನ್ನುತ್ತವೆ.

ಈಗಾಗಲೇ ಇಂತಹ ಉದ್ಯೋಗದಲ್ಲಿದ್ದು ಮನಸ್ಸು ಚುಚ್ಚುತ್ತಿರುವ ಸಹೋದರನೇ, ಆ ಚುಚ್ಚುವಿಕೆ ಅಲ್ಲಾಹನ ಅನುಗ್ರಹ. ಅದನ್ನು ಅದುಮಿಡಬೇಡ. ಬಲ್ಲ ವಿದ್ವಾಂಸರೊಡನೆ ಸಮಾಲೋಚಿಸು, ಖರ್ಚು ತಗ್ಗಿಸು, ಸಾಲ ತೀರಿಸು, ಬೇರೆ ದಾರಿಯನ್ನು ಇಂದೇ ಹುಡುಕು. ಮಕ್ಕಾದ ವ್ಯಾಪಾರವನ್ನೆಲ್ಲ ಬಿಟ್ಟುಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಮದೀನಾದ ಸಹೋದರರೊಬ್ಬರು ತಮ್ಮ ಅರ್ಧ ಸಂಪತ್ತನ್ನೇ ನೀಡಲು ಮುಂದಾದರು. ಅವರು ಕೇಳಿದ್ದು ಮಾರುಕಟ್ಟೆಯ ದಾರಿಯನ್ನು ಮಾತ್ರ. ತುಪ್ಪ, ಗಿಣ್ಣು ಮಾರಿ ಮತ್ತೆ ಮೇಲೆದ್ದರು (ಬುಖಾರಿ). ಝಕಾತ್‌ನ ಲೆಕ್ಕ, ವಾರಸು ಹಕ್ಕಿನ ಪಾಲು, ಚಿಕ್ಕ ವ್ಯಾಪಾರಿಗಳ ಲೆಕ್ಕಪತ್ರ, ಹೀಗೆ ನಿನ್ನ ವಿದ್ಯೆಗೆ ನಮ್ಮ ಮೊಹಲ್ಲಾಗಳಲ್ಲೇ ಎಷ್ಟೊಂದು ಕೆಲಸವಿದೆ!

ಮನೆಯವರ ಹೊಣೆಯೂ ಸಣ್ಣದಲ್ಲ. ಸಂಬಳ ಕಡಿಮೆಯಾದ ಮಗನನ್ನು ತಾಯಿ ಹೀಯಾಳಿಸದಿರಲಿ. ಪತ್ನಿ ನೆರೆಮನೆಯೊಡನೆ ಹೋಲಿಸದಿರಲಿ. ಅಲ್ಲಾಹನನ್ನು ಭಯಪಡುವವನಿಗೆ ಆತನು ದಾರಿ ತೆರೆಯುವನು, ಊಹಿಸದ ಕಡೆಯಿಂದ ಅನ್ನ ನೀಡುವನು ಎಂಬುದು ಕುರ್‌ಆನ್‌ನ ವಾಗ್ದಾನ (65: 2-3). ಆ ವಾಗ್ದಾನವನ್ನು ನಂಬಿ ಹೆಜ್ಜೆಯಿಡುವ ಧೈರ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೀನ್.