ಹೆಗಲಿನ ಋಣ

ದುಡಿದವನಿಗೆ ಕೂಲಿಯನ್ನು ಕೊಟ್ಟೊಡನೆ ದುಡಿಸಿದವನ ಋಣವು ತೀರಿತೆಂಬುದು ಲೋಕರೂಢಿ. ಈ ರೂಢಿಯು ಧರ್ಮಕ್ಕೆ ಸಮ್ಮತವೇ ಎಂಬುದು ವಿಚಾರಾರ್ಹವಾದ ಪ್ರಶ್ನೆಯು.

ತುಂಗಭದ್ರೆಯ ಎಡದಂಡೆಯ ಕಾಲುವೆಯಿಂದ ಮಾನ್ವಿಯ ನೆಲವೂ, ನಾರಾಯಣಪುರದ ಬಲದಂಡೆಯ ಕಾಲುವೆಯಿಂದ ದೇವದುರ್ಗದ ನೆಲವೂ ನೀರನ್ನು ಕಂಡು ಭತ್ತದ ಗದ್ದೆಗಳಾದುವು. ಆ ಭತ್ತವು 75 ಕಿಲೋಗ್ರಾಂ ತೂಕದ ಚೀಲಗಳಲ್ಲಿ ರಾಯಚೂರಿನ ಪೇಟೆಯನ್ನೂ ಅಕ್ಕಿಯ ಗಿರಣಿಗಳನ್ನೂ ಸೇರುವುದು. ಅದನ್ನು ಲಾರಿಗೆ ಏರಿಸಿ, ಇಳಿಸಿ, ಉಗ್ರಾಣದಲ್ಲಿ ಒಟ್ಟುವವನು ಹಮಾಲನು. ಬೆನ್ನಿನ ಮೇಲೆ ಹೊರುವುದು ಕಷ್ಟವೇ ಸರಿ. ಒಟ್ಟಿಲು ಆಳೆತ್ತರವಾದ ಮೇಲೆ ಚೀಲವನ್ನು ತಲೆಯ ಮೇಲಕ್ಕೆ ನೂಕುವುದು ಅದಕ್ಕಿಂತ ಕಠಿನವು.

ದೇಹದ ಕೀಲುಗಳಲ್ಲಿ ಹೆಗಲಿನಷ್ಟು ಸ್ವತಂತ್ರವಾಗಿ ತಿರುಗುವುದು ಬೇರೊಂದಿಲ್ಲ. ಆ ಸ್ವಾತಂತ್ರ್ಯವೇ ಅದರ ದೌರ್ಬಲ್ಯವೂ ಹೌದು. ತೋಳೆಲುಬಿನ ಗುಂಡು ದೊಡ್ಡದು, ಅದು ಕುಳಿತ ಬಟ್ಟಲು ಆಳವಿಲ್ಲದ್ದು. ಎರಡನ್ನೂ ಹಿಡಿದಿಟ್ಟಿರುವುವು ಸುತ್ತಲಿನ ಸ್ನಾಯುಗಳು. ತೋಳನ್ನು ಮೇಲೆತ್ತಿದಾಗ ಆ ಸ್ನಾಯುಗಳ ನಾರು ಹೆಗಲ ತುದಿಯ ಎಲುಬಿನಡಿಯಲ್ಲಿ ಒತ್ತಲ್ಪಡುವುದನ್ನು 1972ರಲ್ಲಿ ಅಮೆರಿಕದ ಶಸ್ತ್ರವೈದ್ಯ ಚಾರ್ಲ್ಸ್ ನೀರ್ ವಿವರಿಸಿದನು. ಮತ್ತೆ ಮತ್ತೆ ಒತ್ತಿ ಉಜ್ಜಿದ ನಾರು ಬಾತು, ಕ್ರಮೇಣ ಹರಿಯಲೂಬಹುದು. ಮೊದಲು ರಾತ್ರಿ ಆ ಮಗ್ಗುಲಿಗೆ ಮಲಗಲಾಗದು. ಬಳಿಕ ಅಂಗಿ ತೊಡಲೂ ಕೈ ಏಳದು. ಕೂಲಿಯು ಚೀಲದ ಲೆಕ್ಕದ್ದಾದುದರಿಂದ, ಕೈ ಏಳದ ದಿನಕ್ಕೆ ಕೂಲಿಯೂ ಇಲ್ಲ. ಆದುದರಿಂದ ಹಮಾಲನು ನೋವನ್ನು ಹೇಳುವುದಕ್ಕಿಂತ ನುಂಗುವುದೇ ಹೆಚ್ಚು.

“ಅವನು ಒಪ್ಪಿಯೇ ಬಂದವನಲ್ಲವೇ?” ಎಂದು ಕೆಲವರು ಕೇಳುವರು. ಅವನು ಒಪ್ಪಿದುದು ಇಂದಿನ ದುಡಿಮೆಗೆ. ನಾಳಿನ ಹೆಗಲನ್ನು ಅವನು ಮಾರಿಲ್ಲ. ಮೇಲಾಗಿ, ಚೀಲದ ತೂಕವು ದೈವನಿಯಮವಲ್ಲ, ವ್ಯಾಪಾರದ ವಾಡಿಕೆ. ಒಬ್ಬ ಗಂಡಾಳು ಹೊರುವ ಹೊರೆಯು 55 ಕಿಲೋಗ್ರಾಂ ಮೀರಿದ್ದರೆ ಬೇಗನೆ ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿಯೇ ಶಿಫಾರಸು ಮಾಡಿತು. ಅದೇ ಅಕ್ಕಿಯು ಗೃಹಸ್ಥನ ಮನೆಗೆ ಬರುವಾಗ 25 ಕಿಲೋಗ್ರಾಂ ಚೀಲದಲ್ಲಿ ಬರುವುದು! ಕೊಳ್ಳುವವನ ಅನುಕೂಲಕ್ಕೆ ಕುಗ್ಗಬಲ್ಲ ಚೀಲವು ಹೊರುವವನ ಹೆಗಲಿಗಾಗಿ ಏಕೆ ಕುಗ್ಗಬಾರದು?

ರಾಯಚೂರಿನ ಕೋಟೆಯಲ್ಲಿ 1294ರ ಶಾಸನವನ್ನು ಹೊತ್ತ, ನಾಲ್ವತ್ತು ಅಡಿಗೂ ಉದ್ದವಾದ ಬಂಡೆಯಿದೆ. ಅದನ್ನು ಕೋಣಗಳ ಬಂಡಿಯಲ್ಲಿ ಸಾಗಿಸಿದ ಚಿತ್ರವೂ ಅಲ್ಲಿ ಕೊರೆಯಲ್ಪಟ್ಟಿದೆ. ಕಟ್ಟಿಸಿದ ವಿಠಲನ ಹೆಸರು ಅಕ್ಷರದಲ್ಲಿ ಉಳಿಯಿತು. ಬಂಡೆಯನ್ನು ತಂದವರ ಶ್ರಮವು ಚಿತ್ರವಾಗಿಯಾದರೂ ಉಳಿಯಿತು. ಉಣ್ಣುವವರು ಅಷ್ಟನ್ನಾದರೂ ನೆನೆಯಬೇಡವೇ? ಚೀಲವು ಕಿರಿದಾಗಲಿ, ಒಟ್ಟಿಲು ತಗ್ಗಾಗಲಿ, ನೊಂದ ತೋಳಿಗೆ ಕೂಲಿಸಹಿತವಾದ ವಿಶ್ರಾಂತಿಯು ದೊರೆಯಲಿ. ಇದು ದಾನವಲ್ಲ, ಅನ್ನದೊಡನೆ ಪ್ರತಿದಿನವೂ ಮನೆಯೊಳಗೆ ಬರುತ್ತಿರುವ ಸಾಲದ ತೀರುವೆ.